ಅರಿಶಿನದ ಸಾಕ್ಷ್ಯ

ನಮ್ಮ ಮನೆಗಳಿಗೆ ಮುತ್ತೈದೆಯರು ಬಂದಾಗ ಅವರ ಮುಂದೆ ಹಿಡಿಯುವ ತಟ್ಟೆಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳಬೇಕು. ಅದರಲ್ಲಿ ಅರಿಶಿನವಿರುತ್ತದೆ, ಕುಂಕುಮವಿರುತ್ತದೆ, ಎರಡು ವೀಳ್ಯದೆಲೆ, ಒಂದಿಷ್ಟು ಅಡಿಕೆ ಇರುತ್ತವೆ. ಎಲ್ಲವೂ ಮಂಗಳದ್ರವ್ಯಗಳು, ಎಲ್ಲವೂ ಬಹು ಹಿಂದಿನ ಕಾಲದಿಂದ ಬಂದಂಥವು. ನಮ್ಮ ವೈದ್ಯಗ್ರಂಥಗಳಲ್ಲಿಯೂ ಇವಕ್ಕೆ ಗೌರವದ ಸ್ಥಾನ ಉಂಟು. ಈ ತಟ್ಟೆಯಲ್ಲಿರುವ ಒಂದು ವಸ್ತು ಕ್ಯಾನ್ಸರನ್ನು ತಡೆಯಬಲ್ಲುದೇ ಎಂದು ಜಗತ್ತಿನ ಪ್ರಯೋಗಶಾಲೆಗಳು ನಲವತ್ತು ವರ್ಷಗಳಿಂದ ಪರೀಕ್ಷಿಸುತ್ತ ಬಂದಿವೆ. ಇದೇ ತಟ್ಟೆಯ ಇನ್ನೊಂದು ವಸ್ತುವಿನ ವಿಷಯದಲ್ಲಿ ವಿಜ್ಞಾನ ಬೇರೆಯೇ ಒಂದು ತೀರ್ಪನ್ನು ಕೊಟ್ಟಿದೆ. ಆ ಎರಡನೆಯದರ ಮಾತು ಕೊನೆಗಿರಲಿ. ಮೊದಲು ಅರಿಶಿನದ ಕಥೆ.

ಈ ಕಥೆಯನ್ನು ಹೇಳುವವರಲ್ಲಿ ಎರಡು ಪಂಗಡ. ಒಂದು ಪಂಗಡದವರು, ನಮ್ಮ ಪೂರ್ವಿಕರಿಗೆ ಎಲ್ಲವೂ ಗೊತ್ತಿತ್ತು, ಪಶ್ಚಿಮದವರು ಈಗ ಕಣ್ಣು ತೆರೆಯುತ್ತಿದ್ದಾರೆ ಎನ್ನುತ್ತಾರೆ. ಇನ್ನೊಂದು ಪಂಗಡದವರು, ಇದೆಲ್ಲ ಅಜ್ಜಿಯ ಮದ್ದು, ಇದರಲ್ಲಿ ಹುರುಳಿಲ್ಲ ಎನ್ನುತ್ತಾರೆ. ಇಬ್ಬರೂ ಇತಿಹಾಸವನ್ನು ಓದುವ ಶ್ರಮ ತೆಗೆದುಕೊಂಡವರಲ್ಲ. ಓದಿದರೆ ಕಾಣುವುದು ಇನ್ನೂ ಸ್ವಾರಸ್ಯಕರವಾದ, ಸ್ವಲ್ಪ ಎಚ್ಚರವನ್ನೂ ಕಲಿಸುವ ಒಂದು ವೃತ್ತಾಂತ.

ಪೂರ್ವಿಕರು ನಿಜವಾಗಿ ಏನು ಹೇಳಿದ್ದರು ಎಂಬುದರಿಂದಲೇ ಪ್ರಾರಂಭಿಸುವುದು ನ್ಯಾಯ. ಚರಕಸಂಹಿತೆಯ ಸೂತ್ರಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ಔಷಧಿಗಳನ್ನು ಅವುಗಳ ಗುಣಕ್ಕನುಸಾರವಾಗಿ ಹತ್ತುಹತ್ತರಂತೆ 50 ಗಣಗಳಾಗಿ ವಿಂಗಡಿಸಿದೆ. ಅರಿಶಿನ ಅಲ್ಲಿ ಲೇಖನೀಯ ಗಣದಲ್ಲಿದೆ, ಎಂದರೆ ಮೈಯಲ್ಲಿ ಹೆಚ್ಚಾದ ಮೇದಸ್ಸನ್ನು ಕೆರೆದು ತೆಗೆಯುವಂಥದು. ಕುಷ್ಠಘ್ನ ಗಣದಲ್ಲಿದೆ, ಎಂದರೆ ಚರ್ಮರೋಗಗಳನ್ನು ಕಳೆಯುವಂಥದು. ವಿಷಘ್ನ ಗಣದಲ್ಲಿಯೂ ಇದೆ. ವಾಗ್ಭಟನಲ್ಲಿ ನೆಲ್ಲಿಕಾಯಿಯೊಡನೆ ಸೇರಿ ಪ್ರಮೇಹಕ್ಕೆ ಶ್ರೇಷ್ಠವಾದ ಮದ್ದೆಂದು ಬರುತ್ತದೆ. ಅರ್ಬುದವೆಂಬ ವ್ಯಾಧಿಯನ್ನು ಸುಶ್ರುತನು ನಿದಾನಸ್ಥಾನದಲ್ಲಿ ವರ್ಣಿಸಿದ್ದಾನೆ: ದುಂಡಾಗಿ, ಅಲುಗಾಡದೆ, ಹೆಚ್ಚು ನೋಯದೆ, ಆಳವಾಗಿ ಬೇರೂರಿ, ನಿಧಾನವಾಗಿ ಬೆಳೆದು, ಹಣ್ಣಾಗದೆ ಇರುವ ಗಡ್ಡೆ ಅದು. ಇಂದಿನ ವೈದ್ಯರೂ ಒಪ್ಪಬಹುದಾದ ವರ್ಣನೆ. ಮುಂದಿನ ಕಾಲದ ಸಂಗ್ರಹಗ್ರಂಥಗಳಲ್ಲಿ ಅಂಥ ಗಡ್ಡೆಗೆ ಹಚ್ಚುವ ಲೇಪಗಳಲ್ಲಿ ಇತರ ದ್ರವ್ಯಗಳ ಜೊತೆಗೆ ಅರಿಶಿನವೂ ಕಾಣಿಸಿಕೊಳ್ಳುತ್ತದೆ. ಆದರೆ ಅದು ಬಂದ ಗಡ್ಡೆಗೆ ಹಾಕುವ ಲೇಪ. ಆರೋಗ್ಯವಂತನು ದಿನವೂ ಅರಿಶಿನ ತಿಂದರೆ ಅವನಿಗೆ ಅರ್ಬುದವೇ ಬಾರದು ಎಂಬ ಆಶ್ವಾಸನೆಯನ್ನು ಈ ಹಳೆಯ ಆಚಾರ್ಯರು ಕೊಟ್ಟಿಲ್ಲ. ಅವರ ಹೆಸರಿನಲ್ಲಿ ಇಂದು ಮಾತನಾಡುವವರಿಗಿಂತ ಅವರು ಮಿತಭಾಷಿಗಳು.

ಹಾಗಾದರೆ ಈ ಆಸೆ ಎಲ್ಲಿಂದ ಹುಟ್ಟಿತು? ಅದು ಹುಟ್ಟಿದ್ದು ರಸಾಯನಶಾಸ್ತ್ರದಿಂದ, ಯೂರೋಪಿನಲ್ಲಿ. 1815ರಲ್ಲಿ ವೋಗೆಲ್ ಮತ್ತು ಪೆಲೆಟಿಯೆ ಎಂಬಿಬ್ಬರು ಅರಿಶಿನದ ಹಳದಿಯ ಸತ್ವವನ್ನು ಬೇರ್ಪಡಿಸಿ ಅದಕ್ಕೆ ಕರ್ಕ್ಯುಮಿನ್ ಎಂದು ಹೆಸರಿಟ್ಟರು. ಅವರು ಬೇರ್ಪಡಿಸಿದ್ದು ಶುದ್ಧ ವಸ್ತುವಲ್ಲ, ಮಿಶ್ರಣ. ಅದರ ಅಣುವಿನ ರಚನೆ ತಿಳಿದದ್ದು 1910ರಲ್ಲಿ, ಪೋಲೆಂಡಿನ ರಸಾಯನಜ್ಞರಾದ ಮಿಲೊಬೆಂಜ್ಕಾ, ಕೊಸ್ಟಾನೆಟ್ಸ್ಕಿ ಮತ್ತು ಲಾಂಪೆ ಅವರಿಂದ. ಒಣ ಅರಿಶಿನದಲ್ಲಿ ಈ ಸತ್ವ ನೂರಕ್ಕೆ ಮೂರು ಪಾಲಿನಷ್ಟಿರುತ್ತದೆ; ಒಳ್ಳೆಯ ಜಾತಿಗಳಲ್ಲಿ ಐದರಷ್ಟೂ ಇರುವುದುಂಟು. ಈ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಉಪಯೋಗಕ್ಕೆ ಬರುತ್ತದೆ.

ಈ ಸತ್ವದ ಸ್ವಭಾವವನ್ನು ರಸಾಯನಜ್ಞರು ತಿಳಿಯುವುದಕ್ಕೆ ಬಹಳ ಮುಂಚೆಯೇ ನಮ್ಮ ಹೆಂಗಸರು ಬಲ್ಲವರಾಗಿದ್ದರು. ಅರಿಶಿನದ ನೀರಿಗೆ ಸುಣ್ಣ ಸೇರಿದರೆ ಅದು ಕೆಂಪಾಗುತ್ತದೆ. ಆರತಿಯ ಓಕುಳಿ ಆಗುವುದು ಹಾಗೆ. ಕುಂಕುಮದ ಕೆಂಪಿಗೂ ಮೂಲ ಇದೇ ಸಂಯೋಗ. ಅರಿಶಿನದ ಕಲೆ ಬಿದ್ದ ಸೀರೆಯನ್ನು ಒಗೆದು ಬಿಸಿಲಿಗೆ ಹರವಿದರೆ ಸಂಜೆಯ ಹೊತ್ತಿಗೆ ಕಲೆ ಮಾಯವಾಗುತ್ತದೆ ಎಂಬುದೂ ಪ್ರತಿ ಮನೆಯಲ್ಲಿ ತಿಳಿದ ವಿಷಯವೇ. ಈ ಎರಡು ಗೃಹಾನುಭವಗಳನ್ನು ರಸಾಯನಶಾಸ್ತ್ರದ ಭಾಷೆಗೆ ತಿರುಗಿಸಿದರೆ ಹೀಗಾಗುತ್ತದೆ: ಕರ್ಕ್ಯುಮಿನ್ ಕ್ಷಾರದಲ್ಲಿ ಬದಲಾಗುತ್ತದೆ, ಬೆಳಕಿನಲ್ಲಿ ಒಡೆಯುತ್ತದೆ, ಅದು ಗಟ್ಟಿ ನೆಲೆಯಿಲ್ಲದ ಚಂಚಲ ವಸ್ತು. ಮನುಷ್ಯನ ರಕ್ತದಷ್ಟೇ ಕ್ಷಾರವೂ ಬಿಸಿಯೂ ಇರುವ ಶುದ್ಧ ದ್ರಾವಣದಲ್ಲಿ ಅದರ ಬಹುಪಾಲು ಅರ್ಧ ಗಂಟೆಯೊಳಗೆ ಒಡೆದುಹೋಗುತ್ತದೆಂದು 1997ರ ಒಂದು ಪ್ರಯೋಗ ತೋರಿಸಿತು. ಸೀರೆಯ ಕಲೆ ಹೇಳುತ್ತಿದ್ದ ಸತ್ಯವನ್ನು ಔಷಧಶಾಸ್ತ್ರ ಕೇಳಿಸಿಕೊಳ್ಳಲು ಅಷ್ಟು ಕಾಲ ಬೇಕಾಯಿತು.

ಇನ್ನು ಕ್ಯಾನ್ಸರಿನ ಕಡೆಯ ಇತಿಹಾಸ. 1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಹೊಗೆಗೂಡುಗಳನ್ನು ಗುಡಿಸುವ ಕೆಲಸದವರಲ್ಲಿ ಕಾಣುವ ವೃಷಣಚೀಲದ ಕ್ಯಾನ್ಸರಿಗೆ ಮಸಿಯೇ ಕಾರಣವೆಂದು ತೋರಿಸಿದನು. 1915ರಲ್ಲಿ ಜಪಾನಿನ ಯಾಮಾಗಿವಾ ಮತ್ತು ಇಚಿಕಾವಾ ಮೊಲಗಳ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲಿನ ಡಾಮರು ಹಚ್ಚಿ ಕ್ಯಾನ್ಸರನ್ನು ಪ್ರಯೋಗಶಾಲೆಯಲ್ಲಿಯೇ ಬರಿಸಿದರು. ಕ್ಯಾನ್ಸರಿಗೆ ಹೊರಗಿನ ಕಾರಣಗಳಿರಬಹುದೆಂದು ಇದರಿಂದ ಸಿದ್ಧವಾಯಿತು. ಕಾರಣವಿದ್ದಲ್ಲಿ ನಿವಾರಣೆಯೂ ಇರಬೇಕಷ್ಟೆ.

ಅದರ ಮುಂದಿನ ಹೆಜ್ಜೆಯಲ್ಲಿ ನಮಗೆ ಪರಿಚಿತವಾದ ಒಂದು ಗಿಡ ಬರುತ್ತದೆ. 1940ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಐಸಾಕ್ ಬೆರೆನ್‌ಬ್ಲಮ್ ಎಂಬ ವಿಜ್ಞಾನಿ ಇಲಿಗಳ ಚರ್ಮಕ್ಕೆ ಡಾಮರಿನ ಸತ್ವವನ್ನು ತೀರ ಸ್ವಲ್ಪ, ಒಂದೇ ಸಲ ಹಚ್ಚಿದನು. ಗಡ್ಡೆ ಬರಲಿಲ್ಲ. ಅದೇ ಜಾಗಕ್ಕೆ ಮುಂದೆ ವಾರವಾರವೂ ಕ್ರೋಟನ್ ಎಣ್ಣೆಯನ್ನು ಹಚ್ಚಿದಾಗ ಗಡ್ಡೆಗಳೆದ್ದವು. ಮೊದಲನೆಯದು ಬೀಜ ಬಿತ್ತಿದಂತೆ, ಎರಡನೆಯದು ನೀರೆರೆದಂತೆ. ಈ ಕ್ರೋಟನ್ ಎಣ್ಣೆ ಯಾವುದೆಂದರೆ, ನಮ್ಮ ಜಾಪಾಳದ ಬೀಜದ ಎಣ್ಣೆ. ಆಯುರ್ವೇದದ ಇಚ್ಛಾಭೇದೀ ರಸದಲ್ಲಿ ತೀವ್ರ ವಿರೇಚಕವಾಗಿ ಸೇರುವ ಅದೇ ಜಾಪಾಳ. ಮುಂದೆ 1960ರ ದಶಕದಲ್ಲಿ ಆ ಎಣ್ಣೆಯ ಉರಿಗೆ ಕಾರಣವಾದ ಸತ್ವವನ್ನೂ ಬೇರ್ಪಡಿಸಿದರು. ಅದಕ್ಕೆ ಫಾರ್ಬಾಲ್ ಎಸ್ಟರ್ ಎಂದು ಹೆಸರು. ನಾಟಿವೈದ್ಯದ ಗಿಡವೆಂದ ಮಾತ್ರಕ್ಕೆ ಕ್ಯಾನ್ಸರಿಗೆ ಶತ್ರುವಾಗಿರಬೇಕಿಲ್ಲ, ಅದರ ಮಿತ್ರನೂ ಆಗಿರಬಹುದು ಎಂಬುದಕ್ಕೆ ಇದು ಮೊದಲ ಸಾಕ್ಷಿ.

ಬೆರೆನ್‌ಬ್ಲಮ್ಮನ ಪ್ರಯೋಗದಲ್ಲಿ ಇನ್ನೊಂದು ದೊಡ್ಡ ಅರ್ಥ ಅಡಗಿತ್ತು. ಬಿತ್ತನೆಗೂ ಫಸಲಿಗೂ ನಡುವೆ ಕಾಲವಿದೆ. ಮನುಷ್ಯರಲ್ಲಿ ಅದು ಹತ್ತಿಪ್ಪತ್ತು ವರ್ಷಗಳಷ್ಟು ದೀರ್ಘವಾಗಿರಬಹುದು. ಆ ಅವಧಿಯಲ್ಲಿ ನೀರೆರೆಯುವ ಕೈಯನ್ನು ಹಿಡಿದು ನಿಲ್ಲಿಸಿದರೆ ರೋಗ ಬಾರದೆ ಹೋಗಬಹುದು. ಅಮೆರಿಕದ ಮೈಕಲ್ ಸ್ಪೋರ್ನ್ 1976ರಲ್ಲಿ ಈ ಯೋಚನೆಗೆ ‘ಕೀಮೋಪ್ರಿವೆನ್ಷನ್’ ಎಂಬ ಹೆಸರನ್ನು ಬಳಕೆಗೆ ತಂದನು. ಔಷಧ ದ್ರವ್ಯದಿಂದ ಮುಂಚಿತವಾಗಿ ತಡೆಯುವುದು ಎಂದು ಅದರ ಭಾವ. 1981ರಲ್ಲಿ ಇಂಗ್ಲೆಂಡಿನ ರಿಚರ್ಡ್ ಡಾಲ್ ಮತ್ತು ರಿಚರ್ಡ್ ಪೀಟೊ ಅಮೆರಿಕದ ಕ್ಯಾನ್ಸರ್ ಮರಣಗಳನ್ನು ಲೆಕ್ಕ ಹಾಕಿ, ಸುಮಾರು 30 ಶೇಕಡಾ ತಂಬಾಕಿನಿಂದ, ಸುಮಾರು 35 ಶೇಕಡಾ ಆಹಾರದ ರೀತಿಯಿಂದ ಆಗುತ್ತಿರಬಹುದೆಂದು ಅಂದಾಜು ಮಾಡಿದರು. ಎರಡನೆಯ ಅಂಕಿಯ ಬಗ್ಗೆ ಅವರಿಗೇ ಪೂರ್ಣ ಭರವಸೆಯಿರಲಿಲ್ಲ. ಆದರೆ ಜಗತ್ತಿನ ಕಣ್ಣು ಅಡುಗೆಮನೆಯ ಕಡೆಗೆ ತಿರುಗಲು ಅಷ್ಟು ಸಾಕಾಯಿತು. ಹಸಿರು ಚಹಾ, ಬೆಳ್ಳುಳ್ಳಿ, ಶುಂಠಿ, ಅರಿಶಿನ ಎಲ್ಲವೂ ಪರೀಕ್ಷೆಯ ಮೇಜನ್ನೇರಿದವು.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಬೇಕು. ಗಿಡಗಳಿಂದ ಕ್ಯಾನ್ಸರಿಗೆ ಮದ್ದು ದೊರೆತೇ ಇಲ್ಲವೆಂದಲ್ಲ. ನಮ್ಮ ಅಂಗಳದಲ್ಲಿ ತಾನಾಗಿ ಬೆಳೆಯುವ ನಿತ್ಯಪುಷ್ಪದ ಎಲೆಯ ಕಷಾಯವನ್ನು ಜಮೈಕಾ ದ್ವೀಪದ ಜನ ಸಕ್ಕರೆ ರೋಗಕ್ಕೆ ಕುಡಿಯುತ್ತಿದ್ದರು. ಕೆನಡಾದಲ್ಲಿ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಅದನ್ನು ಪರೀಕ್ಷಿಸಿದಾಗ ಸಕ್ಕರೆ ಇಳಿಯಲಿಲ್ಲ. ಇಲಿಗಳ ರಕ್ತದ ಬಿಳಿಯ ಕಣಗಳು ಇಳಿದವು. ಅದರಿಂದ 1958ರಲ್ಲಿ ವಿನ್‌ಬ್ಲಾಸ್ಟೀನ್ ಹೊರಬಂದಿತು. ಅದರ ಸೋದರ ದ್ರವ್ಯವಾದ ವಿನ್‌ಕ್ರಿಸ್ಟೀನ್ ರಕ್ತದ ಕ್ಯಾನ್ಸರ್ ಬಂದ ಅಸಂಖ್ಯ ಮಕ್ಕಳ ಚಿಕಿತ್ಸೆಯಲ್ಲಿ ಪಾಲು ಪಡೆದಿದೆ. ಆದರೆ ಇವು ಕೋಶಗಳನ್ನು ಕೊಲ್ಲುವ ವಿಷಗಳು. ಸಾಯುತ್ತಿರುವವನಿಗೆ ವಿಷವನ್ನಾದರೂ ಅಳತೆಯಿಂದ ಕೊಡಬಹುದು. ರೋಗವನ್ನು ತಡೆಯಲು ಕೊಡುವ ವಸ್ತುವಿನ ಮಾತೇ ಬೇರೆ. ಅದನ್ನು ತಿನ್ನುವವರು ಆರೋಗ್ಯವಂತರು. ಸಾವಿರ ಜನ ತಿಂದರೆ ಪ್ರಯೋಜನವಾಗುವುದು ಕೆಲವರಿಗೆ ಮಾತ್ರ. ಆದ್ದರಿಂದ ಅದು ಉಳಿದವರಿಗೆ ಕೂದಲಿನಷ್ಟೂ ಕೆಡುಕು ಮಾಡಬಾರದು. ಸಾವಿರಾರು ವರ್ಷ ಅನ್ನದ ಜೊತೆಯಲ್ಲಿ ತಿಂದು ಬಂದ ಅರಿಶಿನ ಈ ಕಾರಣದಿಂದಲೇ ಅಷ್ಟೊಂದು ಆಸೆ ಹುಟ್ಟಿಸಿತು.

ಆಸೆಗೆ ಆಧಾರವೂ ದೊರೆಯಿತು. 1949ರಷ್ಟು ಹಿಂದೆಯೇ ಕರ್ಕ್ಯುಮಿನ್ ಬ್ಯಾಕ್ಟೀರಿಯಗಳನ್ನು ತಡೆಯುತ್ತದೆಂದು ‘ನೇಚರ್’ ಪತ್ರಿಕೆಯಲ್ಲಿ ವರದಿಯಾಗಿತ್ತು. 1987ರಲ್ಲಿ ಕೇರಳದ ತ್ರಿಚೂರಿನ ಅಮಲಾ ಕ್ಯಾನ್ಸರ್ ಆಸ್ಪತ್ರೆಯ ರಮಾದಾಸನ್ ಕುಟ್ಟನ್ ಮತ್ತು ಸಂಗಡಿಗರು, ಹೊರಗೆ ಹುಣ್ಣಾಗಿ ಒಡೆದ ಕ್ಯಾನ್ಸರಿನಿಂದ ನರಳುತ್ತಿದ್ದ 62 ರೋಗಿಗಳಿಗೆ ಅರಿಶಿನದ ಸತ್ವವನ್ನೂ ಕರ್ಕ್ಯುಮಿನ್ನಿನ ಮುಲಾಮನ್ನೂ ಹಚ್ಚಿದ ಫಲವನ್ನು ಪ್ರಕಟಿಸಿದರು. ನೂರಕ್ಕೆ 90 ಜನರಲ್ಲಿ ದುರ್ನಾತ ಕಡಿಮೆಯಾಯಿತು, ಹೆಚ್ಚುಕಡಿಮೆ ಎಲ್ಲರಲ್ಲಿಯೂ ತುರಿಕೆ ತಗ್ಗಿತು, 70 ಜನರಲ್ಲಿ ಹುಣ್ಣು ಒಣಗಿತು. ಗಡ್ಡೆ ಕಿರಿದಾದದ್ದು, ನೋವು ಇಳಿದದ್ದು 10 ಜನರಲ್ಲಿ ಮಾತ್ರ. ಹೋಲಿಸಿ ನೋಡಲು ಬೇರೊಂದು ಗುಂಪು ಆ ಪ್ರಯೋಗದಲ್ಲಿರಲಿಲ್ಲ. ಆದರೂ ಮನೆಯವರೇ ಹತ್ತಿರ ಬರಲು ಹಿಂಜರಿಯುವಂಥ ಹುಣ್ಣಿನ ರೋಗಿಗೆ ದುರ್ನಾತ ಕಡಿಮೆಯಾಗುವುದು ಸಣ್ಣ ಉಪಕಾರವಲ್ಲ. ಕುಷ್ಠಘ್ನವೆಂದು ಚರಕ ಹೇಳಿದ್ದಕ್ಕೆ ಇದು ದೂರದ ಮಾತೂ ಅಲ್ಲ.

ಮರುವರ್ಷ, 1988ರಲ್ಲಿ, ಅಮೆರಿಕದ ನ್ಯೂಜೆರ್ಸಿಯಿಂದ ಹೆಚ್ಚು ಗದ್ದಲವೆಬ್ಬಿಸಿದ ವರದಿ ಬಂದಿತು. ಹುವಾಂಗ್, ಕಾನಿ ಮೊದಲಾದವರು ಬೆರೆನ್‌ಬ್ಲಮ್ಮನ ರೀತಿಯಲ್ಲಿಯೇ ಇಲಿಗಳ ಚರ್ಮದಲ್ಲಿ ಮೊದಲು ಬೀಜ ಬಿತ್ತಿ, ಆಮೇಲೆ ಜಾಪಾಳದಿಂದ ಬಂದ ಆ ಫಾರ್ಬಾಲ್ ಎಸ್ಟರನ್ನು ಹಚ್ಚುತ್ತ ಹೋದರು. ಕೆಲವು ಇಲಿಗಳಿಗೆ ಅದರೊಡನೆ ಕರ್ಕ್ಯುಮಿನ್ನನ್ನೂ ಹಚ್ಚಿದರು. 20 ವಾರಗಳ ಮೇಲೆ ಎಣಿಸಿದಾಗ, ಅತ್ಯಧಿಕ ಪ್ರಮಾಣದಲ್ಲಿ ಕರ್ಕ್ಯುಮಿನ್ ಪಡೆದ ಇಲಿಗಳಲ್ಲಿ ಗಡ್ಡೆಗಳ ಸಂಖ್ಯೆ 98 ಶೇಕಡಾ ಕಡಿಮೆಯಾಗಿತ್ತು. ಉರಿಸುವುದೂ ಆರಿಸುವುದೂ ಒಂದೇ ಗಂಧಿಗೆ ಅಂಗಡಿಯ ಎರಡು ಡಬ್ಬಿಗಳಿಂದ ಬಂದಂತಾಯಿತು. 1992ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 16 ಮಂದಿ ಧೂಮಪಾನಿಗಳಿಗೆ ದಿನಕ್ಕೆ ಒಂದೂವರೆ ಗ್ರಾಂ ಅರಿಶಿನವನ್ನು 30 ದಿನ ಕೊಟ್ಟು, ಅವರ ಮೂತ್ರದಲ್ಲಿ ವಂಶಾಣುಗಳನ್ನು ಕೆಡಿಸುವ ದ್ರವ್ಯಗಳು ಕಡಿಮೆಯಾದುದನ್ನು ಕಂಡರು. ಇದು ಅಡುಗೆಮನೆಯ ಪ್ರಮಾಣವೇ. ಭರವಸೆ ಉಂಟಾದದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಎಚ್ಚರಿಕೆಯ ಗಂಟೆ ಅದಕ್ಕೂ ಮುಂಚೆಯೇ ಬಾರಿಸಿತ್ತು. ಅದು ಬಾರಿಸಿದ ಸ್ಥಳಗಳಲ್ಲಿ ನಮ್ಮ ಮೈಸೂರೂ ಒಂದು. 1978ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಇಲಿಗಳಿಗೆ ತಿನ್ನಿಸಿದ ಕರ್ಕ್ಯುಮಿನ್ನಿನ ಮುಕ್ಕಾಲು ಭಾಗ ಮಲದಲ್ಲಿಯೇ ಹೊರಬೀಳುವುದನ್ನು ತೋರಿಸಿದ್ದರು. 1980ರಲ್ಲಿ ಮೈಸೂರಿನ ಕೇಂದ್ರ ಆಹಾರ ಸಂಶೋಧನಾಲಯದಲ್ಲಿ ವಿಜಯಲಕ್ಷ್ಮಿ ರವೀಂದ್ರನಾಥ್ ಮತ್ತು ಚಂದ್ರಶೇಖರ ಅವರು ಇನ್ನೂ ಸೂಕ್ಷ್ಮವಾಗಿ ಹುಡುಕಿದರು. ಇಲಿಗಳಿಗೆ 400 ಮಿಲಿಗ್ರಾಂ ತಿನ್ನಿಸಿದಾಗ ಸುಮಾರು 60 ಶೇಕಡಾ ಕರುಳಿನಿಂದ ಒಳಗೆ ಹೋಯಿತು. ಹೋದದ್ದು ಎಲ್ಲಿ? ಕರುಳಿನಿಂದ ಯಕೃತ್ತಿಗೆ ಹೋಗುವ ರಕ್ತದಲ್ಲಿ ಅದರ ಲೇಶವಿತ್ತು. ಹೃದಯದ ರಕ್ತದಲ್ಲಿ ಸುಳಿವೇ ಇರಲಿಲ್ಲ. ಕರುಳಿನ ಗೋಡೆಯೂ ಯಕೃತ್ತೂ ಸೇರಿ, ಅಪರಿಚಿತ ಅತಿಥಿಯನ್ನು ಹೊಸ್ತಿಲಲ್ಲಿಯೇ ಬೇರೆ ವೇಷ ತೊಡಿಸಿ ಹೊರಗೆ ಕಳುಹಿಸುತ್ತವೆ. ಚರ್ಮಕ್ಕೆ ಹಚ್ಚಿದಾಗ ಕಾಣುವ ಗುಣ, ತಿಂದಾಗ ಶ್ವಾಸಕೋಶದಲ್ಲಿಯೋ ಸ್ತನದಲ್ಲಿಯೋ ಕಾಣಬೇಕಾದರೆ ಮೊದಲು ವಸ್ತು ಅಲ್ಲಿಗೆ ತಲುಪಬೇಕಲ್ಲವೆ?

ಈ ಕಷ್ಟಕ್ಕೆ ಒಂದು ಪರಿಹಾರ ಬೆಂಗಳೂರಿನಿಂದ ಬಂದಿತು. 1998ರಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧವಿಜ್ಞಾನ ವಿಭಾಗದವರು ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ನೋಡಿದಾಗ ರಕ್ತದಲ್ಲಿ ಅದು ಕಂಡೂ ಕಾಣದಂತಿತ್ತು. ಅದರೊಡನೆ ಮೆಣಸಿನ ಸತ್ವವಾದ ಪೈಪರೀನನ್ನು 20 ಮಿಲಿಗ್ರಾಂ ಸೇರಿಸಿದಾಗ ರಕ್ತಕ್ಕೆ ದೊರೆತ ಪ್ರಮಾಣ ಇಪ್ಪತ್ತು ಪಟ್ಟು ಹೆಚ್ಚಿತು. ಸಾರಿಗೆ ಅರಿಶಿನದ ಜೊತೆ ಮೆಣಸು ಹಾಕುವ ನಮ್ಮವರ ಜಾಣತನಕ್ಕೆ ಇದು ಪ್ರಮಾಣಪತ್ರವೆಂದು ಅನೇಕರು ಸಂತೋಷಪಟ್ಟರು. ಸಂತೋಷ ಸಹಜ. ಆದರೆ ಮೆಣಸು ಈ ಕೆಲಸವನ್ನು ಮಾಡುವುದು ಹೇಗೆಂಬುದನ್ನೂ ತಿಳಿಯಬೇಕು: ಹೊರಗಿನ ದ್ರವ್ಯಗಳನ್ನು ಹೊರದಬ್ಬುವ ದೇಹದ ಕಾವಲನ್ನು ಅದು ಸ್ವಲ್ಪ ಹೊತ್ತು ಮಂಕುಗೊಳಿಸುತ್ತದೆ. ಕಾವಲುಗಾರನು ತೂಕಡಿಸಿದಾಗ ಒಳಗೆ ಬರುವವರು ಒಳ್ಳೆಯವರು ಮಾತ್ರವೇ ಎಂದು ಹೇಳಲಾಗದು.

ಈ ನಡುವೆ ಅರಿಶಿನ ನ್ಯಾಯಪೀಠದ ಮುಂದೆಯೂ ನಿಂತಿತು. ಗಾಯಗಳನ್ನು ಮಾಯಿಸಲು ಅರಿಶಿನವನ್ನು ಬಳಸುವ ವಿಧಾನಕ್ಕೆ 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ದೊರೆಯಿತು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ, ರಘುನಾಥ ಮಾಶೇಲ್ಕರ್ ಅವರ ನೇತೃತ್ವದಲ್ಲಿ, ಅದನ್ನು ಪ್ರಶ್ನಿಸಿತು. ಹಳೆಯ ಗ್ರಂಥಗಳಿಂದಲೂ 1953ರ ಒಂದು ಭಾರತೀಯ ವೈದ್ಯ ಪತ್ರಿಕೆಯಿಂದಲೂ 32 ಆಧಾರಗಳನ್ನು ಒದಗಿಸಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಹೆಮ್ಮೆ ಪಡಬೇಕಾದ ಗೆಲುವು. ಆದರೆ ನಾವು ಗೆದ್ದದ್ದು ಏನನ್ನು ಎಂದು ಯೋಚಿಸಬೇಕು. ಅಲ್ಲಿ ಸಿದ್ಧವಾದದ್ದು ಈ ಬಳಕೆ ಹಳೆಯದೆಂಬುದು. ಅದು ಗುಣಕಾರಿಯೆಂಬುದು ಆ ಪೀಠದ ಮುಂದಿದ್ದ ಪ್ರಶ್ನೆಯೇ ಅಲ್ಲ. ಎಷ್ಟೋ ಭಾಷಣಗಳಲ್ಲಿ ಈ ಎರಡೂ ಒಂದಾಗಿಬಿಟ್ಟವು.

ಇಲ್ಲಿ ಅರಿಶಿನವನ್ನು ಸ್ವಲ್ಪ ಬದಿಗಿಟ್ಟು ಫಿನ್‌ಲೆಂಡಿನ ಒಂದು ಘಟನೆಯನ್ನು ಹೇಳಬೇಕು. ಏಕೆಂದರೆ ಇಡೀ ಈ ಶಾಸ್ತ್ರದ ದಿಕ್ಕನ್ನೇ ಬದಲಾಯಿಸಿದ ಘಟನೆ ಅದು. ಗಜ್ಜರಿಗೂ ಸೊಪ್ಪುಗಳಿಗೂ ಬಣ್ಣ ಕೊಡುವ ದ್ರವ್ಯಗಳಲ್ಲಿ ಬೀಟಾ ಕೆರೋಟೀನ್ ಒಂದು. ತರಕಾರಿ ಹೆಚ್ಚು ತಿನ್ನುವವರಲ್ಲಿ ಕ್ಯಾನ್ಸರ್ ಕಡಿಮೆಯೆಂಬುದು ಹಲವು ಗಣನೆಗಳಲ್ಲಿ ಕಂಡಿತ್ತು. ಹಾಗಾದರೆ ಅವುಗಳ ಸತ್ವವನ್ನೇ ಗುಳಿಗೆ ಮಾಡಿ ಕೊಟ್ಟರೆ? ಫಿನ್‌ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಗಂಡಸರನ್ನು ಗುಂಪುಗಳಾಗಿ ವಿಂಗಡಿಸಿ, ವರ್ಷಗಟ್ಟಲೆ ಗುಳಿಗೆ ಕೊಟ್ಟು ನೋಡಿದರು. 1994ರಲ್ಲಿ ಫಲಿತಾಂಶ ಬಂದಾಗ ವಿಜ್ಞಾನಿಗಳು ದಿಗ್ಭ್ರಾಂತರಾದರು. ಬೀಟಾ ಕೆರೋಟೀನ್ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18 ಶೇಕಡಾ ಹೆಚ್ಚಾಗಿತ್ತು. ಇದು ಆಕಸ್ಮಿಕವಿರಬಹುದೆಂದು ಸಮಾಧಾನ ಹೇಳಿಕೊಳ್ಳುವ ಹೊತ್ತಿಗೆ, 18,314 ಜನರ ಮೇಲೆ ಅಮೆರಿಕದಲ್ಲಿ ನಡೆಯುತ್ತಿದ್ದ ಇನ್ನೊಂದು ಪ್ರಯೋಗವನ್ನು 1996ರ ಜನವರಿಯಲ್ಲಿ ಅರ್ಧಕ್ಕೆ ನಿಲ್ಲಿಸಬೇಕಾಯಿತು. ಅಲ್ಲಿ ಬೀಟಾ ಕೆರೋಟೀನನ್ನು ‘ಎ’ ಜೀವಸತ್ವದೊಡನೆ ತೆಗೆದುಕೊಂಡವರಲ್ಲಿ ಹೆಚ್ಚಳ 28 ಶೇಕಡಾ. ತರಕಾರಿ ಒಳ್ಳೆಯದು, ಅದರಿಂದ ಹಿಂಡಿದ ಒಂದು ಸತ್ವ, ಆ ಪ್ರಮಾಣದಲ್ಲಿ, ಆ ಜನರಿಗೆ, ಕೆಟ್ಟದು. ಅಂಗವು ಅಂಗಿಯಲ್ಲ ಎಂಬ ಮಾತನ್ನು ಇದಕ್ಕಿಂತ ಹೆಚ್ಚಿನ ಬೆಲೆ ಕೊಟ್ಟು ಯಾರೂ ಕಲಿತಿರಲಾರರು.

ಆದ್ದರಿಂದ ಅರಿಶಿನವನ್ನೂ ಮನುಷ್ಯರಲ್ಲಿಯೇ ಪರೀಕ್ಷಿಸಬೇಕಾಯಿತು. 2001ರಲ್ಲಿ ತೈವಾನಿನಲ್ಲಿ, ಕ್ಯಾನ್ಸರಿಗೆ ಮುನ್ನಿನ ಹಂತದ ವಿಕಾರಗಳಿದ್ದ 25 ಜನರಿಗೆ ಮೂರು ತಿಂಗಳು ಕರ್ಕ್ಯುಮಿನ್ ಕೊಟ್ಟರು. ಕೆಲವರಿಗೆ ದಿನಕ್ಕೆ 8 ಗ್ರಾಂವರೆಗೂ ಕೊಟ್ಟರು. ಹಿಂದೆ ಹೇಳಿದ ಲೆಕ್ಕದಂತೆ ಅದು ದಿನಕ್ಕೆ ಕಾಲು ಕಿಲೋ ಅರಿಶಿನದ ಸತ್ವ. ಯಾವ ಸಂಸಾರವೂ ತಿನ್ನದ ಪ್ರಮಾಣ. ವಿಷಲಕ್ಷಣ ಕಾಣಲಿಲ್ಲ. ಬಾಯಿಯಲ್ಲಿ ಬಿಳಿಯ ಪೊರೆ ಕಟ್ಟಿದ್ದ ಏಳು ಜನರಲ್ಲಿ ಇಬ್ಬರಿಗೆ ಗುಣ ಕಂಡಿತು. ಅದೇ ಏಳರಲ್ಲಿ ಒಬ್ಬರಿಗೆ ಅದು ಕ್ಯಾನ್ಸರಿಗೇ ತಿರುಗಿತು. ಇಷ್ಟು ಚಿಕ್ಕ ಸಂಖ್ಯೆಯಿಂದ ಏನನ್ನೂ ನಿರ್ಣಯಿಸಲಾಗದು.

ವಂಶಪಾರಂಪರ್ಯವಾಗಿ ದೊಡ್ಡ ಕರುಳಿನಲ್ಲಿ ನೂರಾರು ಗಂಟುಗಳೇಳುವ ಒಂದು ರೋಗವಿದೆ. ಚಿಕಿತ್ಸೆಯಿಲ್ಲದಿದ್ದರೆ ಅದು ಕ್ಯಾನ್ಸರಾಗುವುದು ಹೆಚ್ಚುಕಡಿಮೆ ಖಂಡಿತ. 2006ರಲ್ಲಿ ಅಂಥ ಐದು ಜನರಿಗೆ ಕರ್ಕ್ಯುಮಿನ್ನನ್ನು ಇನ್ನೊಂದು ಸಸ್ಯಸತ್ವದೊಡನೆ ಕೊಟ್ಟಾಗ ಗಂಟುಗಳು 60 ಶೇಕಡಾ ಕಡಿಮೆಯಾದವೆಂದು ವರದಿಯಾಯಿತು. ಜಗತ್ತು ಹಿಗ್ಗಿತು. ಅದೇ ಸಂಶೋಧಕಿ, ಮಾರ್ಸಿಯಾ ಕ್ರೂಸ್ ಕೊರೆಯಾ, 2018ರಲ್ಲಿ 44 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ನಿಜವಾದ ಗುಳಿಗೆ, ಇನ್ನೊಂದಕ್ಕೆ ಸತ್ವವಿಲ್ಲದ ಗುಳಿಗೆ ಕೊಟ್ಟು ಒಂದು ವರ್ಷ ಕಾದರು. ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಅದನ್ನು ಅವರು ಹಾಗೆಯೇ ಪ್ರಕಟಿಸಿದರು. ತಾನು ಎತ್ತಿದ ಆಸೆಯನ್ನು ತಾನೇ ತೂಗಿ, ತೂಕ ಕಡಿಮೆಯೆಂದು ಒಪ್ಪಿಕೊಳ್ಳುವುದು ದೊಡ್ಡ ಗುಣ. ಎಲ್ಲರಲ್ಲಿಯೂ ಅದು ಇರಲಿಲ್ಲ. ಇದೇ ಕ್ಷೇತ್ರದಲ್ಲಿ ಅಮೆರಿಕದ ಒಂದು ಸಂಶೋಧನಾಲಯದಿಂದ ಬಂದ ಹಲವು ಪ್ರಬಂಧಗಳನ್ನು, ಅವುಗಳಲ್ಲಿನ ಚಿತ್ರಗಳು ನಂಬತಕ್ಕವಲ್ಲವೆಂದು ಪತ್ರಿಕೆಗಳು ಹಿಂತೆಗೆದುಕೊಳ್ಳಬೇಕಾಯಿತು.

ನಮ್ಮ ದೇಶಕ್ಕೆ ಹೆಚ್ಚು ಹತ್ತಿರದ ಪರೀಕ್ಷೆ 2016ರಲ್ಲಿ ಪ್ರಕಟವಾಯಿತು. ತಂಬಾಕು, ಎಲೆಯಡಿಕೆಗಳನ್ನು ಅಗಿಯುವವರ ಬಾಯಲ್ಲಿ ಕಾಣುವ ಅದೇ ಬಿಳಿಯ ಪೊರೆಯಿದ್ದ 223 ಜನರಿಗೆ ಭಾರತದಲ್ಲಿ ನಡೆದ ಪ್ರಯೋಗ ಅದು. ದಿನಕ್ಕೆ 3.6 ಗ್ರಾಂ ಕರ್ಕ್ಯುಮಿನ್, ಆರು ತಿಂಗಳು. ಕಣ್ಣಿಗೆ ಕಾಣುವ ಸುಧಾರಣೆ ಕರ್ಕ್ಯುಮಿನ್ ಪಡೆದವರಲ್ಲಿ 67.5 ಶೇಕಡಾ, ಸತ್ವವಿಲ್ಲದ ಗುಳಿಗೆ ಪಡೆದವರಲ್ಲಿ 55.3 ಶೇಕಡಾ. ಸೂಕ್ಷ್ಮದರ್ಶಕದಲ್ಲಿ ಕೋಶಗಳನ್ನು ನೋಡಿದಾಗ ಕಂಡ ವ್ಯತ್ಯಾಸ ನಿಶ್ಚಯವಾಗಿ ಹೇಳುವಷ್ಟು ದೊಡ್ಡದಾಗಿರಲಿಲ್ಲ. ಏನೋ ಇದೆ, ಆದರೆ ಸ್ವಲ್ಪವಿದೆ. ಬಾಯಿ ಎಂಬುದು ವಸ್ತು ನೇರವಾಗಿ ಮುಟ್ಟುವ ಜಾಗವೆಂಬುದನ್ನೂ ಮರೆಯಬಾರದು. ಸತ್ವವಿಲ್ಲದ ಗುಳಿಗೆ ತಿಂದವರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಜನ ಸುಧಾರಿಸಿದರೆಂಬುದು ನನಗೆ ಈ ವರದಿಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಅಂಶ. ಹೋಲಿಕೆಯ ಗುಂಪಿಲ್ಲದಿದ್ದರೆ ಆ ಸುಧಾರಣೆಯೆಲ್ಲವೂ ಅರಿಶಿನದ ಖಾತೆಗೆ ಜಮೆಯಾಗುತ್ತಿತ್ತು. ಯಾರೋ ಒಬ್ಬರು, ನನಗೆ ಇದರಿಂದ ಗುಣವಾಯಿತು ಎಂದು ಪ್ರಾಮಾಣಿಕವಾಗಿಯೇ ಹೇಳಿದಾಗಲೂ ನಾವು ತಡೆದು ಯೋಚಿಸಬೇಕಾದದ್ದು ಇದಕ್ಕಾಗಿ.

ನಿರಪಾಯವೆಂಬ ನಂಬಿಕೆಗೂ ಈಚೆಗೆ ಒಂದು ಗೆರೆ ಬಿದ್ದಿದೆ. ಅಡುಗೆಯ ಅರಿಶಿನಕ್ಕಲ್ಲ, ಗುಳಿಗೆಯ ಅರಿಶಿನಕ್ಕೆ. ಔಷಧಗಳಿಂದಾಗುವ ಯಕೃತ್ತಿನ ಹಾನಿಯನ್ನು ದಾಖಲಿಸುವ ಅಮೆರಿಕದ ಒಂದು ವೈದ್ಯರ ಜಾಲ, ಅರಿಶಿನದ ಗುಳಿಗೆಗಳಿಂದ ಯಕೃತ್ತು ಕೆಟ್ಟ ಹತ್ತು ಪ್ರಕರಣಗಳನ್ನು ವಿವರಿಸಿತು. ಅವರಲ್ಲಿ ಒಬ್ಬರು ತೀರಿಕೊಂಡರು. ಹತ್ತರಲ್ಲಿ ಏಳು ಜನರಲ್ಲಿ ಒಂದು ವಿಶಿಷ್ಟ ವಂಶಾಣುವಿತ್ತು. ಮೂರು ಗುಳಿಗೆಗಳಲ್ಲಿ ಮೆಣಸಿನ ಸತ್ವವೂ ಸೇರಿತ್ತು. ಕೋಟಿ ಜನ ತಿನ್ನುವ ವಸ್ತುವಿಗೆ ಇದು ಅಪರೂಪದ ಕೇಡು, ನಿಜ. ಆದರೆ ದೇಹದ ಕಾವಲನ್ನು ಮಂಕುಗೊಳಿಸಿ, ಚಿಟಿಕೆಯ ವಸ್ತುವನ್ನು ಬೊಗಸೆಯಾಗಿ ತಿನ್ನುವುದು ಪರಂಪರೆಯಲ್ಲ. ಅದು ಹೊಸ ಪ್ರಯೋಗ. ಅದಕ್ಕೆ ಸಾವಿರ ವರ್ಷದ ಅನುಭವದ ಬೆಂಬಲವಿಲ್ಲ.

ಈಗ ಮೊದಲಿನ ತಟ್ಟೆಗೆ ಹಿಂದಿರುಗೋಣ. ಅಲ್ಲಿದ್ದ ಅಡಿಕೆಯ ಮಾತು ಬಾಕಿಯಿದೆ. ತಂಬಾಕು ಸೇರಿದ ತಾಂಬೂಲದಿಂದ ಬಾಯಿಯ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 1985ರಲ್ಲಿಯೇ ನಿರ್ಣಯಿಸಿತ್ತು. 2004ರಲ್ಲಿ ಪ್ರಕಟವಾದ ಅದರ ಇನ್ನೊಂದು ಗ್ರಂಥ, ತಂಬಾಕಿಲ್ಲದಿದ್ದರೂ ಅಡಿಕೆಯೇ ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವೆಂದು ಹೇಳಿತು. ದೇಶದಲ್ಲಿಯೇ ಅತ್ಯಧಿಕ ಅಡಿಕೆ ಬೆಳೆಯುವ ನಾಡಿನವರಾದ ನಮಗೆ ಈ ಮಾತು ರುಚಿಸುವುದಿಲ್ಲ. ಎಷ್ಟೋ ಸಂಸಾರಗಳ ಅನ್ನ ಅದರಲ್ಲಿದೆ. ಆದರೆ ಅರಿಶಿನದ ಪರವಾಗಿ ಇಲಿಯೊಂದು ಸಾಕ್ಷಿ ನುಡಿದಾಗ ಸಂತೋಷದಿಂದ ಕೇಳಿದ ಕಿವಿ, ಅಡಿಕೆಯ ವಿರುದ್ಧ ಮನುಷ್ಯರೇ ಸಾಕ್ಷಿ ನುಡಿಯುವಾಗ ಕಿವುಡಾಗಬಾರದು. ಒಂದೇ ತಟ್ಟೆ, ಒಂದೇ ಪ್ರಾಚೀನತೆ, ಒಂದೇ ಮಂಗಳ. ತೀರ್ಪು ಮಾತ್ರ ಬೇರೆಬೇರೆ. ಒಂದು ವಸ್ತು ಹಳೆಯದೆಂಬುದು ಅದನ್ನು ಕುರಿತು ಪ್ರಶ್ನೆ ಕೇಳಲು ಒಳ್ಳೆಯ ಕಾರಣ. ಆದರೆ ಅದೇ ಉತ್ತರವಾಗದು.

ಇದು ಬರಿಯ ಪಂಡಿತರ ಚರ್ಚೆಯಾಗಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. ಎದೆಯಲ್ಲಿ ಗಂಟು ಕಂಡ ಹೆಂಗಸು, ನಾಲಗೆಯ ಮೇಲೆ ಮಾಯದ ಹುಣ್ಣು ಕಂಡ ಗಂಡಸು, ಕತ್ತರಿಯ ಭಯದಿಂದ ಆರು ತಿಂಗಳು ಅರಿಶಿನದ ಹಾಲನ್ನು ನೆಚ್ಚಿ ಕುಳಿತರೆ, ಗುಣವಾಗಬಹುದಾಗಿದ್ದ ರೋಗ ಕೈಮೀರುತ್ತದೆ. ಆಗ ಸೋಲುವುದು ಆ ಮನುಷ್ಯ ಮಾತ್ರವಲ್ಲ. ತಾನು ಎಂದೂ ಕೊಡದ ಭಾಷೆಗೆ ಅರಿಶಿನವೂ ಅಪರಾಧಿಯಾಗುತ್ತದೆ. ಅರಿಶಿನ ಸಾರಿನಲ್ಲಿರಲಿ, ಕೆನ್ನೆಯ ಮೇಲಿರಲಿ, ಹೊಸ್ತಿಲಿಗಿರಲಿ. ಅದರ ಅಣುವನ್ನು ಪ್ರಯೋಗಶಾಲೆಗಳು ಇನ್ನೂ ಪರೀಕ್ಷಿಸುತ್ತಿರಲಿ. ಅದು ಯೋಗ್ಯವಾದ ಕೆಲಸ. ಮೈಸೂರಿನಲ್ಲಿ ಅಂದು ಇಲಿಯ ಹೃದಯದ ರಕ್ತದಲ್ಲಿ ಹಳದಿಯ ಸುಳಿವನ್ನು ಹುಡುಕಿ, ಕಾಣದಿದ್ದಾಗ ಕಾಣಲಿಲ್ಲವೆಂದು ಬರೆದಿಟ್ಟವರು ಆ ಬೇರಿನ ಬಗ್ಗೆ ಅಗೌರವ ತೋರಿದವರಲ್ಲ. ನಮ್ಮ ಪಾಲಿಗೆ ಅರಿಶಿನಕ್ಕೆ ಸಂದ ನಿಜವಾದ ಪೂಜೆ ಅದೇ.